ಬಿಟ್ಟಿದ್ದು ಬೇರೆ, ಬಿಡಿಸಿದ್ದು ಬೇರೆ

ನಮ್ಮ ವಿಜಯನಗರ ಜಿಲ್ಲೆಗೆ ಆರು ತಾಲೂಕು. ಅದರಲ್ಲಿ ಐದು ನಮ್ಮ ಪಿಜಿಯ ಒಂದೇ ರೂಮಿನಲ್ಲಿವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹೊಸಪೇಟೆಯವನೊಬ್ಬ ಸಿಕ್ಕಿದ್ದರೆ ರೂಮಿಗೆ ಜಿಲ್ಲಾಧಿಕಾರಿ ಕಚೇರಿ ಅಂತಲೇ ಬೋರ್ಡ್ ಹಾಕಬಹುದಿತ್ತು. ಫಸ್ಟ್ ಇಯರ್‌ನಲ್ಲಿ ಬೆಂಗಳೂರಿಗೆ ಬಂದಿಳಿದಾಗ ಒಬ್ಬರ ಹೆಸರು ಒಬ್ಬರಿಗೆ ನೆನಪಿರುತ್ತಿರಲಿಲ್ಲ, ಊರು ನೆನಪಿರುತ್ತಿತ್ತು. ಹಾಗಾಗಿ ಊರೇ ಹೆಸರಾಯಿತು. "ಲೇ ಹಡಗಲಿ, ಬಕೆಟ್ ಎಲ್ಲಿ ಇಟ್ಟೀಯೋ", "ಹರಪನಹಳ್ಳಿ, ಲೈಟ್ ಆರ್ಸಲೇ". ಈಗಲೂ ಹಾಗೇ ಕರೆದುಕೊಳ್ಳುತ್ತೇವೆ.

ಇದನ್ನು ಬರೆಯುತ್ತಿರುವುದು ಆ ಐವರಲ್ಲಿ ನಾಲ್ವರು. ಐದನೆಯವನು ಕೊಟ್ಟೂರು. ಈ ಬರಹ ಅವನ ಬಗ್ಗೆ, ಮತ್ತು ನಮ್ಮ ಬೆಂಗಳೂರಿನಲ್ಲೇ ಬೆಳೆದ ಪಂಕಜ್ ಅಡ್ವಾಣಿ ಬಗ್ಗೆ. ಎರಡಕ್ಕೂ ಏನು ಸಂಬಂಧ ಅಂದರೆ, ನಾವು ಮಾಡಿದ ಒಂದು ತಪ್ಪು.

ಕೊಟ್ಟೂರು ಬಹಳ ಚೆನ್ನಾಗಿ ಕೇರಂ ಆಡುತ್ತಿದ್ದ. ಅವನ ಊರಲ್ಲಿ ಸಂಜೆ ಆಯಿತೆಂದರೆ ಒಂದು ಕಡೆ ಮಂಡಕ್ಕಿ ಮೆಣಸಿನಕಾಯಿ ಬಂಡಿ, ಇನ್ನೊಂದು ಕಡೆ ಬೇವಿನ ಮರದ ಕೆಳಗೆ ಕೇರಂ ಬೋರ್ಡ್. ಮೇಲೆ ಒಂದು ಬಲ್ಬು, ಸುತ್ತ ಹತ್ತು ತಲೆ. ಅಲ್ಲಿ ದೊಡ್ಡವರ ಜೊತೆ ಆಡಿ ಆಡಿ ಕಲಿತವನು. ಕಾಲೇಜಿನ ಸ್ಪೋರ್ಟ್ಸ್ ರೂಮಿಗೆ ಹೋದ ಮೊದಲ ವಾರವೇ ಫೈನಲ್ ಇಯರ್ ಸೀನಿಯರ್‌ಗಳನ್ನು ಸೋಲಿಸಿ ಬಂದ. ಎರಡನೇ ಸೆಮ್‌ಗೆ ಕಾಲೇಜ್ ಟೀಮಿಗೆ ಆಯ್ಕೆಯಾದ. ಊರಿಂದ ತಂದಿದ್ದ ಅವನದೇ ಒಂದು ಸ್ಟ್ರೈಕರ್ ಇತ್ತು, ಅಂಚು ಸ್ವಲ್ಪ ಹಳದಿಯಾಗಿತ್ತು. ಮಲಗುವಾಗ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ.

ಅದೇ ಸೆಮ್‌ನಲ್ಲಿ ಮ್ಯಾಥ್ಸ್ ಇಂಟರ್ನಲ್ಸ್‌ನಲ್ಲಿ ಅವನಿಗೆ ಐವತ್ತಕ್ಕೆ ಹದಿಮೂರು ಬಂತು. ಮೊದಲ ಸೆಮ್ಮಿನ ಒಂದು ಬ್ಯಾಕ್ ಬೇರೆ ಬಾಕಿ ಇತ್ತು. ಟೂರ್ನಿಯ ದಿನಾಂಕ, ಲ್ಯಾಬ್ ಇಂಟರ್ನಲ್ಸ್ ದಿನಾಂಕ ಒಂದೇ ವಾರ ಬಿದ್ದಿದ್ದವು. ನಾವು ನಾಲ್ವರೂ ಕೂತು ಮೀಟಿಂಗ್ ಮಾಡಿದೆವು. ಮೈಲಾರದ ಕಾರಣಿಕ ಕೇಳಿ ಆ ವರ್ಷದ ಮಳೆ ಬೆಳೆ ಲೆಕ್ಕ ಹಾಕೋ ಹಾಗೆ, ಆ ಹದಿಮೂರು ಅನ್ನೋ ಒಂದು ನಂಬರ್ ಹಿಡಿದು ಅವನ ಇಡೀ ಭವಿಷ್ಯ ಹೇಳಿಬಿಟ್ಟೆವು. ಕೊನೆಗೆ ಕೂಡ್ಲಿಗಿ ಅವರಪ್ಪನಿಗೆ ಫೋನ್ ಮಾಡಿದ. "ಅಪ್ಪಾಜಿ, ಇವ ಬರೀ ಕೇರಂ ಆಡ್ತಾನ್ರಿ. ಹಿಂಗೇ ಆದ್ರೆ ಇಯರ್ ಬ್ಯಾಕ್ ಆಗ್ತಾನ. ನೀವು ಒಂದು ಮಾತು ಹೇಳ್ರಿ."

ಅವರು ಮಾತು ಹೇಳಲಿಲ್ಲ, ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಬಂದುಬಿಟ್ಟರು. ಮೆಕ್ಕೆಜೋಳ ಕಟಾವು ನಡೆದಿತ್ತಂತೆ, ಆಳುಗಳನ್ನು ಬಿಟ್ಟು ಬಂದಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ. ಮಂಚದ ಮೇಲೆ ಕೂತು, "ಎಲ್ಲೈತಪ ಅದು?" ಅಂತ ಕೇಳಿದರು. ಅವನು ದಿಂಬಿನ ಕೆಳಗಿಂದ ಸ್ಟ್ರೈಕರ್ ತೆಗೆದು ಕೊಟ್ಟ. ಅವರು ಅದನ್ನು ಅಂಗಿ ಜೇಬಿಗೆ ಹಾಕಿಕೊಂಡು, ನಮಗೆಲ್ಲ ರೊಟ್ಟಿ ಶೇಂಗಾಚಟ್ನಿ ಗಂಟು ಕೊಟ್ಟು, ಮಧ್ಯಾಹ್ನದ ಬಸ್ಸಿಗೆ ಹೋದರು.

ಫೋನ್ ಮಾಡಿದ್ದು ಯಾರು ಅಂತ ಅವನು ಕೇಳಲೇ ಇಲ್ಲ. ಟೀಮಿನಿಂದ ಹೆಸರು ತೆಗೆಸಿದ. ಆ ಸೆಮ್ ಎಲ್ಲ ಸಬ್ಜೆಕ್ಟ್ ಪಾಸಾದ, ಹಳೆಯ ಬ್ಯಾಕ್ ಸಹ ತೆಗೆದ. ನಾವು ಗೆದ್ದೆವು ಅಂದುಕೊಂಡೆವು. ಆದರೆ ರೂಮಿನಲ್ಲಿ ಅವನ ಮಾತು ಕಡಿಮೆಯಾಯಿತು. ಮೆಸ್ಸಿಗೆ ಒಬ್ಬನೇ ಹೋಗಿ ಬರಲು ಶುರು ಮಾಡಿದ. ಸ್ಪೋರ್ಟ್ಸ್ ರೂಮ್ ಇರುವ ಬ್ಲಾಕಿನ ಕಡೆ ಹೋಗದೆ ಸುತ್ತು ಹಾಕಿ ಕ್ಲಾಸಿಗೆ ಹೋಗುತ್ತಿದ್ದ. ಇದು ನಮಗೆ ಗೊತ್ತಾಗಿದ್ದು ಎರಡು ವರ್ಷ ಆದ ಮೇಲೆ.

ಮೂರನೇ ವರ್ಷ ಹರಪನಹಳ್ಳಿಯ ಹುಟ್ಟುಹಬ್ಬ. ಕಾಲೇಜಿನಿಂದ ಎರಡು ಸ್ಟಾಪ್ ಆಚೆ ಒಂದು ಸ್ನೂಕರ್ ಪಾರ್ಲರ್ ಇದೆ. ಗಂಟೆಗೆ ಇಷ್ಟು ಅಂತ ಬಾಡಿಗೆ, ಐದು ಜನ ಹಂಚಿಕೊಂಡರೆ ಒಂದು ಮಸಾಲೆದೋಸೆಗಿಂತ ಕಡಿಮೆ. ನಮ್ಮ ಐದು ತಾಲೂಕಿನಲ್ಲಿ ನಾವ್ಯಾರೂ ಅಂಥ ಟೇಬಲ್ ಕಣ್ಣಲ್ಲಿ ನೋಡಿದವರಲ್ಲ. ಹನ್ನೆರಡು ಅಡಿ ಉದ್ದ, ಆರು ಅಡಿಗೂ ಹೆಚ್ಚು ಅಗಲ, ಮೇಲೆ ಹಸಿರು ಬಟ್ಟೆ. ಹಗರಿಬೊಮ್ಮನಹಳ್ಳಿ ಅದನ್ನು ನೋಡಿದವನೇ, "ನಮ್ ಮನಿ ಕಣ ಇದ್ದಂಗೈತಲ್ಲೋ" ಅಂದ. ಕೊಟ್ಟೂರು ಬರಲ್ಲ ಅಂದಿದ್ದ, ಬಲವಂತ ಮಾಡಿ ಕರೆದೊಯ್ದಿದ್ದೆವು.

ಅವನು ಮೊದಲ ಹತ್ತು ನಿಮಿಷ ನಮ್ಮಷ್ಟೇ ಕೆಟ್ಟದಾಗಿ ಆಡಿದ. ಆಮೇಲೆ ನಿಂತ. ಬಿಳಿ ಚೆಂಡನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ, ಕೆಂಪನ್ನೂ ತೂಗಿ ನೋಡಿದ. "ಎರಡೂ ಒಂದೇ ತೂಕ ಅದಾವು. ಅದಕ್ಕೇ ತಪ್ಪಾಗಕತ್ತೈತಿ" ಅಂದ. ಮೆಕ್ಯಾನಿಕ್ಸ್ ಓದಿದವರು ಇಲ್ಲಿ ಒಂದು ಕ್ಷಣ ನಿಲ್ಲಿ. ಕೇರಂನಲ್ಲಿ ಸ್ಟ್ರೈಕರ್ 15 ಗ್ರಾಂವರೆಗೆ ತೂಗುತ್ತದೆ, ಕಾಯಿ ಐದೂವರೆ ಗ್ರಾಂ ದಾಟುವುದಿಲ್ಲ. ಭಾರದ ವಸ್ತು ಹಗುರದ್ದಕ್ಕೆ ಬಡಿದರೆ ಅದು ತನ್ನ ದಾರಿಯಲ್ಲೇ ಹೆಚ್ಚುಕಡಿಮೆ ಮುಂದೆ ಹೋಗುತ್ತದೆ. ಸ್ನೂಕರ್‌ನಲ್ಲಿ ಚೆಂಡುಗಳ ತೂಕ ಸಮ, ವ್ಯಾಸವೂ ಎಲ್ಲದಕ್ಕೂ 52.5 ಮಿಲಿಮೀಟರ್. ಬಿಳಿ ಚೆಂಡು ಉರುಳದೆ ಜಾರಿಕೊಂಡು ಹೋಗಿ ಓರೆಯಾಗಿ ಬಡಿದರೆ ಎರಡೂ ಚೆಂಡು ಸುಮಾರು 90 ಡಿಗ್ರಿ ಕೋನದಲ್ಲಿ ಬೇರೆಯಾಗುತ್ತವೆ. ಉರುಳುತ್ತಾ ಹೋಗಿ ಬಡಿದರೆ ಕೋನ ಕಿರಿದಾಗುತ್ತದೆ. ಚೆಂಡಿನ ಕೆಳಭಾಗಕ್ಕೆ ಹೊಡೆದರೆ ಬಡಿದ ಮೇಲೆ ಹಿಂದಕ್ಕೆ ಬರುತ್ತದೆ. ನಾವು ಸೂತ್ರ ಬರೆದು ಹತ್ತು ಅಂಕ ತೆಗೆದುಕೊಂಡಿದ್ದನ್ನು ಅವನು ಅಂಗೈಯಲ್ಲಿ ಕಂಡುಹಿಡಿದ. ಗಂಟೆ ಮುಗಿಯುವ ಹೊತ್ತಿಗೆ ಸತತವಾಗಿ ನಾಲ್ಕು ಚೆಂಡು ಹಾಕಿದ.

ಅಲ್ಲಿ ಟೇಬಲ್ ನೋಡಿಕೊಳ್ಳುವ ವಯಸ್ಸಾದ ಮಾರ್ಕರ್ ಒಬ್ಬರಿದ್ದರು. "ಎಷ್ಟು ದಿನದಿಂದ ಆಡ್ತಿದ್ದೀಯಪ್ಪ?" ಅಂತ ಕೇಳಿದರು. ಇವತ್ತೇ ಅಂದರೆ ಅವರು ನಂಬಲಿಲ್ಲ. ಕೇರಂ ಆಡ್ತಿದ್ದ ಅಂದೆವು. "ಆಡ್ತಿದ್ದ ಅಂದ್ರೆ? ಈಗ?" ಅಂದರು. ನಾಲ್ವರೂ ಸುಮ್ಮನಾದೆವು. ಅವನು ಕ್ಯೂ ಕೋಲನ್ನು ಸ್ಟ್ಯಾಂಡಿಗೆ ಇಟ್ಟು, "ಬಿಡಿಸಿದ್ರು" ಅಂದ. ಬಿಟ್ಟೆ ಅನ್ನಲಿಲ್ಲ. ಮಾರ್ಕರ್ ಇನ್ನೇನೂ ಕೇಳಲಿಲ್ಲ, ಗೋಡೆ ಮೇಲಿದ್ದ ಒಂದು ಫೋಟೋ ಕಡೆ ಕೈ ತೋರಿಸಿ, "ಇವರ ಕತೆ ಓದು, ನಮ್ಮೂರಿನವರೇ" ಅಂದರು. ಅದು ಪಂಕಜ್ ಅಡ್ವಾಣಿ ಫೋಟೋ.

ಆ ರಾತ್ರಿ ಓದಿದವರು ಅವನಲ್ಲ, ನಾವು.

ನಮಗೆ ಅಡ್ವಾಣಿ ಅಂದರೆ ಜನರಲ್ ನಾಲೆಡ್ಜ್ ಪುಸ್ತಕದ ಒಂದು ಸಾಲು ಅಷ್ಟೇ. ಖೇಲ್ ರತ್ನ, ಪದ್ಮಭೂಷಣ, ಇಪ್ಪತ್ತೈದಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ. ಆದರೆ ಆ ಸಾಲಿಗೆ ಮುಂಚೆ ಏನಿತ್ತು ಅನ್ನೋದು ನಮಗೆ ಬೇಕಿದ್ದದ್ದು.

ಅವರು ಹುಟ್ಟಿದ್ದು 1985ರ ಜುಲೈ 24, ಪುಣೆಯಲ್ಲಿ. ಮನೆಯವರು ಕುವೈತ್‌ನಲ್ಲಿದ್ದರು. 1990ರ ಕೊಲ್ಲಿ ಬಿಕ್ಕಟ್ಟಿನಲ್ಲಿ ಅಲ್ಲಿಂದ ಹೊರಟು ಬಂದು ಬೆಂಗಳೂರಿನಲ್ಲಿ ನೆಲೆ ನಿಂತರು. ಸಣ್ಣ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ತಾಯಿ ಎರಡು ಗಂಡುಮಕ್ಕಳನ್ನು ಬೆಳೆಸಿದರು. ಅಣ್ಣ ಶ್ರೀ ತನ್ನ ಗೆಳೆಯರ ಜೊತೆ ಸ್ನೂಕರ್ ಆಡಲು ಹೋಗುತ್ತಿದ್ದ. ತಮ್ಮ ಹತ್ತು ವರ್ಷದವನು, ಹಿಂದೆ ಹಿಂದೆ ಹೋದ. ನೋಡುತ್ತಾ ನಿಂತವನು ಆಡಲು ಶುರು ಮಾಡಿದ. ಹನ್ನೆರಡರ ಆಸುಪಾಸಿನಲ್ಲಿ ಮೊದಲ ಪ್ರಶಸ್ತಿ ಗೆದ್ದಾಗ ಫೈನಲ್‌ನಲ್ಲಿ ಸೋಲಿಸಿದ್ದು ಆ ಅಣ್ಣನನ್ನೇ.

ಇಲ್ಲಿ ನಾವು ಓದುವುದನ್ನು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕರೆದುಕೊಂಡು ಹೋದ ಅಣ್ಣನನ್ನೇ ತಮ್ಮ ಸೋಲಿಸಿದರೆ ಅಣ್ಣ ಏನು ಮಾಡಬೇಕು? ನಮ್ಮ ಓಣಿಯಲ್ಲಾದರೆ ಬೋರ್ಡ್ ಮಗುಚಿ ಮನೆಗೆ ಹೋಗುತ್ತಿದ್ದ. ಶ್ರೀ ಅಡ್ವಾಣಿ ಮುಂದೆ ಕ್ರೀಡಾ ಮನಶ್ಶಾಸ್ತ್ರ ಓದಿದರು, ತಮ್ಮನ ಬೆನ್ನಿಗೆ ನಿಂತರು. ಮಾಜಿ ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ ಅರವಿಂದ್ ಸಾವೂರ್ ಹುಡುಗನನ್ನು ಶಿಷ್ಯನಾಗಿ ತೆಗೆದುಕೊಂಡರು. ಆಡಲು ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಟೇಬಲ್‌ಗಳು ಊರಲ್ಲೇ ಇದ್ದವು. ಫ್ರ್ಯಾಂಕ್ ಆಂಟನಿ ಶಾಲೆಯಲ್ಲಿ ಓದು, ಆಮೇಲೆ ಮಹಾವೀರ್ ಜೈನ್ ಕಾಲೇಜಿನಲ್ಲಿ ಬಿ.ಕಾಂ. ಅಂದರೆ ಓದು ಬಿಟ್ಟು ಆಡಿದವರಲ್ಲ. ಓದಿಗೋಸ್ಕರ ಆಟ ಬಿಟ್ಟವರೂ ಅಲ್ಲ.

2000ದಲ್ಲಿ ರಾಷ್ಟ್ರೀಯ ಜೂನಿಯರ್ ಬಿಲಿಯರ್ಡ್ಸ್ ಚಾಂಪಿಯನ್. 2003ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ, ಚೀನಾದ ಜಿಯಾಂಗ್‌ಮೆನ್‌ನಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಚಾಂಪಿಯನ್. ಫೈನಲ್‌ನಲ್ಲಿ ಎದುರಿಗಿದ್ದದ್ದು ಪಾಕಿಸ್ತಾನದ ಸಾಲೇಹ್ ಮೊಹಮ್ಮದ್. ಹದಿನೆಂಟು ಅಂದರೆ ನಾವು ಸಿಇಟಿ ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ಎಂಟ್ರಿ ಮಾಡುತ್ತಾ ಕೂತಿದ್ದ ವಯಸ್ಸು. 2005ರಲ್ಲಿ ಮಾಲ್ಟಾದಲ್ಲಿ ವಿಶ್ವ ಬಿಲಿಯರ್ಡ್ಸ್: ಸಮಯದ ಲೆಕ್ಕದ್ದು, ಪಾಯಿಂಟಿನ ಲೆಕ್ಕದ್ದು, ಎರಡೂ ಪ್ರಶಸ್ತಿ ಒಂದೇ ವರ್ಷ. ಅದಕ್ಕೂ ಮುಂಚೆ ಯಾರೂ ಹಾಗೆ ಎರಡನ್ನೂ ಗೆದ್ದಿರಲಿಲ್ಲ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ, 2010ರ ಗುವಾಂಗ್‌ಝೌನಲ್ಲಿ ಮತ್ತೆ ಚಿನ್ನ.

ಸ್ನೂಕರ್, ಬಿಲಿಯರ್ಡ್ಸ್ ಎರಡೂ ಒಂದೇ ಅಂದುಕೊಂಡಿದ್ದವರಲ್ಲಿ ನಾವೂ ಸೇರಿದ್ದೆವು. ಟೇಬಲ್ ಒಂದೇ, ಆಟ ಬೇರೆ. ಬಿಲಿಯರ್ಡ್ಸ್‌ಗೆ ಮೂರೇ ಚೆಂಡು. ಹಾಕಿದ್ದಕ್ಕೂ ಅಂಕ, ತಾಗಿಸಿದ್ದಕ್ಕೂ ಅಂಕ. ಸ್ನೂಕರ್‌ಗೆ ಹದಿನೈದು ಕೆಂಪು, ಆರು ಬಣ್ಣದ್ದು, ಒಂದು ಬಿಳಿ. ಒಂದು ಕೆಂಪು, ಒಂದು ಬಣ್ಣ ಅಂತ ಸರದಿಯಲ್ಲಿ ಹಾಕುತ್ತಾ ಹೋಗಬೇಕು. ಹದಿನೈದು ಕೆಂಪಿನ ಜೊತೆಗೂ ಕಪ್ಪನ್ನೇ ಹಾಕಿ ಟೇಬಲ್ ಖಾಲಿ ಮಾಡಿದರೆ 147. ಆಟ ಹುಟ್ಟಿದ್ದು ನಮ್ಮ ದೇಶದಲ್ಲೇ ಅಂತಾರೆ: 1875ರಲ್ಲಿ ಜಬಲ್ಪುರದ ಬ್ರಿಟಿಷ್ ಅಧಿಕಾರಿಗಳ ಮೆಸ್ಸಿನಲ್ಲಿ. ನಿಯಮ ಗಟ್ಟಿಯಾಗಿದ್ದು ಊಟಿ ಕ್ಲಬ್ಬಿನಲ್ಲಿ. ಮೆಸ್ಸಿನಲ್ಲಿ ಹುಟ್ಟಿದ ಆಟ ಅಂದಮೇಲೆ ನಮಗೂ ಒಂದಿಷ್ಟು ಹಕ್ಕಿದೆ.

ಮುಂದಿನ ಭಾಗವೇ ನಮ್ಮನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು. ವೃತ್ತಿಪರ ಸ್ನೂಕರ್‌ನ ದುಡ್ಡು, ಹೆಸರು, ಟಿವಿ ಎಲ್ಲಾ ಬ್ರಿಟನ್ ಸುತ್ತಲೇ ಇದ್ದವು. ಅಲ್ಲಿಗೆ ಹತ್ತಿರದ ದೇಶದ ಹುಡುಗನಿಗೆ ಅದು ಪಕ್ಕದ ಮನೆ. ಐರ್ಲೆಂಡಿನ ಕೆನ್ ಡೊಹರ್ಟಿ ಇದ್ದಾರೆ, 1969ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗ ಟೇಬಲ್ ಎಟುಕದೆ ಬಿಸ್ಕತ್ ಡಬ್ಬಿ ಮೇಲೆ ಹತ್ತಿ ನಿಂತು ಆಡುತ್ತಿದ್ದರಂತೆ. 1989ರಲ್ಲಿ ವಿಶ್ವ ಅಮೆಚೂರ್ ಚಾಂಪಿಯನ್, 1990ರಲ್ಲಿ ವೃತ್ತಿಪರ, 1997ರಲ್ಲಿ ಸ್ಟೀಫನ್ ಹೆಂಡ್ರಿಯನ್ನು 18–12ರಿಂದ ಸೋಲಿಸಿ ವಿಶ್ವ ಚಾಂಪಿಯನ್. ಅಮೆಚೂರ್, ಆಮೇಲೆ ಪ್ರೊಫೆಷನಲ್, ಆಮೇಲೆ ಕಿರೀಟ. ಇದು ಎಲ್ಲರೂ ಒಪ್ಪುವ ನೇರ ದಾರಿ. ಪ್ಲೇಸ್‌ಮೆಂಟ್ ಸೆಲ್‌ನವರು ಬೋರ್ಡ್ ಮೇಲೆ ಬರೆಯುವ ಬಾಣದ ಗುರುತಿನ ಹಾಗೆ. ಅದೇ ಡಬ್ಲಿನ್‌ನಲ್ಲಿ 1984ರಲ್ಲಿ ನಮ್ಮ ಓಂ ಅಗರ್ವಾಲ್ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದಿದ್ದರು. ಆ ಪ್ರಶಸ್ತಿ ಮತ್ತೆ ಭಾರತಕ್ಕೆ ಬರಲು ಅಡ್ವಾಣಿ ಗೆಲ್ಲುವವರೆಗೆ ಕಾಯಬೇಕಾಯಿತು.

ಅಡ್ವಾಣಿ ಆ ದಾರಿಗೂ ಇಳಿದರು. 2012–13ರ ಸೀಸನ್‌ನಲ್ಲಿ ವೃತ್ತಿಪರ ಸ್ನೂಕರ್ ಟೂರ್ ಸೇರಿದರು. ಬಿಲಿಯರ್ಡ್ಸ್‌ನಲ್ಲಿ ವಿಶ್ವವೇ ಗೌರವಿಸುವ ಮನುಷ್ಯ ಇಲ್ಲಿ ಮತ್ತೆ ಫಸ್ಟ್ ಇಯರ್. ಅರ್ಹತಾ ಸುತ್ತುಗಳಿಂದ ಶುರು. 2013ರ ಫೆಬ್ರವರಿಯಲ್ಲಿ ವೆಲ್ಶ್ ಓಪನ್‌ನ ಕ್ವಾರ್ಟರ್‌ಫೈನಲ್ ತಲುಪಿದರು. ರ್‍ಯಾಂಕಿಂಗ್ ಟೂರ್ನಿಯೊಂದರಲ್ಲಿ ಭಾರತೀಯನೊಬ್ಬ ಅಲ್ಲಿಗೆ ಮುಟ್ಟಿದ್ದು ಅದೇ ಮೊದಲು. ಅಲ್ಲಿ ಜಡ್ ಟ್ರಂಪ್ ಎದುರು ಸೋತರು. ಅದೇ ವರ್ಷ ದೆಹಲಿಯ ಇಂಡಿಯನ್ ಓಪನ್‌ನಲ್ಲೂ ಕ್ವಾರ್ಟರ್‌ಫೈನಲ್. ಎರಡು ಸೀಸನ್‌ಗೆ ಇದು ಕೆಟ್ಟ ಶುರುವಾತೇನಲ್ಲ. ಇನ್ನು ನಾಲ್ಕು ವರ್ಷ ಕಚ್ಚಿ ಹಿಡಿದಿದ್ದರೆ ಅಂತ ಯಾರಾದರೂ ಅನ್ನುತ್ತಾರೆ.

ಅವರು 2014ರಲ್ಲಿ ಟೂರ್ ಬಿಟ್ಟು ಬೆಂಗಳೂರಿಗೆ ವಾಪಸ್ ಬಂದರು. ಎರಡೂ ಆಟ ಆಡಬೇಕು, ಮನೆಯವರ ಹತ್ತಿರ ಇರಬೇಕು, ಅಷ್ಟೇ ಕಾರಣ. ಅದೇ ವರ್ಷ ಲೀಡ್ಸ್‌ನಲ್ಲಿ ವಿಶ್ವ ಬಿಲಿಯರ್ಡ್ಸ್‌ನ ಎರಡೂ ಪ್ರಶಸ್ತಿ ಮತ್ತೆ ಗೆದ್ದರು. 2015ರಲ್ಲೂ 2017ರಲ್ಲೂ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದರು.

ಹಡಗಲಿ ಇದನ್ನು ಓದಿ, "ನೋಡ್ರಲೇ, ಇವ್ರೂ ಬಿಟ್ಟಾರ. ಕೊಟ್ಟೂರೂ ಬಿಟ್ಟಾನ. ಬಿಟ್ಟಿದ್ದಕ್ಕೇ ಪಾಸಾಗಿದ್ದು" ಅಂದ. ತನಗೆ ತಾನೇ ಸಮಾಧಾನ ಹೇಳಿಕೊಂಡ ಮಾತು ಅದು. ಹರಪನಹಳ್ಳಿ ಒಪ್ಪಲಿಲ್ಲ. ಅವರು ಆಡಿ ನೋಡಿ, ಗೆದ್ದು ಸೋತು, ತೂಗಿ ನೋಡಿ, ತಾವೇ ಬಿಟ್ಟರು. ಬಿಟ್ಟ ಮೇಲೂ ಟೇಬಲ್ ಅವರದೇ. ಇವನಿಗೆ ನಾವು ಬಿಡಿಸಿದೆವು. ಅವನು ಇಂಟರ್ನಲ್ಸ್ ಮತ್ತು ಟೂರ್ನಿ ಎರಡನ್ನೂ ಸಂಭಾಳಿಸುತ್ತಿದ್ದನೋ ಇಲ್ಲವೋ, ನೋಡಲು ನಾವು ಬಿಡಲೇ ಇಲ್ಲ. ಅವನೇ ಕೂತು ಯೋಚಿಸಿ "ಈ ಸೆಮ್ ಆಟ ಬೇಡ" ಅಂದಿದ್ದರೆ ಅದೂ ಸರಿಯೇ. ಅಂಕಪಟ್ಟಿಯಲ್ಲಿ ಎರಡಕ್ಕೂ ಒಂದೇ ಫಲಿತಾಂಶ ಬರುತ್ತಿತ್ತು. ಅವನ ಮುಖದಲ್ಲಿ ಬರುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಆ ರಾತ್ರಿಯೇ ಒಪ್ಪಿಕೊಂಡೆವು. ಫೋನ್ ಮಾಡಿದ್ದು ಪೂರ್ತಿ ಅವನ ಒಳ್ಳೆಯದಕ್ಕೇ ಅಲ್ಲ. ಸೀನಿಯರ್‌ಗಳು ನಮ್ಮ ರೂಮಿನಲ್ಲಿ ಹೆಸರು ಹಿಡಿದು ಕರೆಯುತ್ತಿದ್ದದ್ದು ಅವನೊಬ್ಬನನ್ನೇ. ಅಡ್ವಾಣಿಯ ಅಣ್ಣ ಫೈನಲ್ ಸೋತು ತಮ್ಮನ ಬೆನ್ನಿಗೆ ನಿಂತ. ನಾವು ಏನೂ ಸೋಲದೆಯೇ ಬೋರ್ಡ್ ಮಗುಚಿದ್ದೆವು.

ಮಾರನೇ ದಿನ ಕೂಡ್ಲಿಗಿ ಅವನ ಮುಂದೆ ಹೇಳಿದ, ಫೋನ್ ಮಾಡಿದ್ದು ನಾನು, ಹೇಳಿಸಿದ್ದು ನಾವೆಲ್ಲ ಅಂತ. ಅವನು ಬಟ್ಟೆ ಮಡಚುತ್ತಿದ್ದ. "ಗೊತ್ತಿತ್ತು ಬಿಡಲೇ" ಅಂದ. ಎರಡು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ನಮ್ಮ ಜೊತೆಯೇ ಇದ್ದ.

ಆಮೇಲೆ ನಾಲ್ವರೂ ಸೇರಿ ಸ್ಪೀಕರ್ ಹಾಕಿ ಅವರಪ್ಪನಿಗೆ ಫೋನ್ ಮಾಡಿದೆವು. "ಅಪ್ಪಾಜಿ, ಆ ಸ್ಟ್ರೈಕರ್ ಐತೇನ್ರಿ?" ಆ ಕಡೆ ಸ್ವಲ್ಪ ಹೊತ್ತು ಬರೀ ಟ್ರ್ಯಾಕ್ಟರ್ ಸದ್ದು. "ಆಡಬ್ಯಾಡ ಅಂದೋರು ನೀವಾ ಅಲ್ಲೇನಪ್ಪ?" ಅಂದರು. ಸಿಟ್ಟಿರಲಿಲ್ಲ ಆ ಧ್ವನಿಯಲ್ಲಿ. ನಮ್ಮ ಹತ್ತಿರ ಉತ್ತರವೂ ಇರಲಿಲ್ಲ. "ತಪ್ಪಾತ್ರಿ" ಅಂದೆವು. "ಓಣಿ ಹುಡುಗ್ರು ಕೇಳಿದ್ವು, ಕೊಟ್ಟೆ. ಅವೇನೋ ಆಡಕತ್ಯಾವ. ಇಸಗೊಂಡು ಬರೋದು ಸರಿ ಅನಸಂಗಿಲ್ಲ. ನೀವಾ ಒಂದು ಹೊಸಾದು ಕೊಡಸ್ರಿ. ರೊಕ್ಕ ಕಳಸ್ತೀನಿ" ಅಂದರು. ರೊಕ್ಕ ಬೇಡ ಅಂದೆವು.

ಹೊಸ ಸ್ಟ್ರೈಕರ್ ಬಂತು. ಈ ವರ್ಷ ಅವನು ಮತ್ತೆ ಕಾಲೇಜ್ ಟೀಮಿನಲ್ಲಿ ಆಡಿದ. ಅಂತರ ಕಾಲೇಜು ಟೂರ್ನಿಯ ಎರಡನೇ ಸುತ್ತಿನಲ್ಲೇ ಸೋತ. ಎರಡು ವರ್ಷ ಬೆರಳು ಮಲಗಿದ್ದರೆ ಅಷ್ಟು ಬೇಗ ಏಳುವುದಿಲ್ಲ. ನಾವು ನಾಲ್ವರೂ ಹೋಗಿದ್ದೆವು. ಬರುವಾಗ ಬಸ್ಸಿನಲ್ಲಿ ಅವನು ಸೋತ ಬೋರ್ಡನ್ನು ಒಂದೊಂದೇ ಕಾಯಿ ಲೆಕ್ಕ ಹಿಡಿದು ವಿವರಿಸಿದ, ಎಲ್ಲಿ ಕಟ್ ಕಡಿಮೆಯಾಯಿತು, ಎಲ್ಲಿ ಬಲ ಹೆಚ್ಚಾಯಿತು ಅಂತ. ಸ್ಟಾಪ್ ಬಂದರೂ ಮಾತು ಮುಗಿದಿರಲಿಲ್ಲ. ಅಷ್ಟು ಮಾತನ್ನು ಅವನಿಂದ ಕೇಳಿ ಎರಡು ವರ್ಷವಾಗಿತ್ತು.

ನಿಮ್ಮ ರೂಮಿನಲ್ಲೂ ಒಬ್ಬ ಇರುತ್ತಾನೆ, ಇಲ್ಲ ಒಬ್ಬಳು ಇರುತ್ತಾಳೆ. ತಬಲಾ, ಕಬಡ್ಡಿ, ರಂಗೋಲಿ, ಏನೋ ಒಂದು. ಅವರಿಗೆ ಬುದ್ಧಿ ಹೇಳಬೇಡಿ ಅಂತ ನಾವು ಹೇಳುತ್ತಿಲ್ಲ. ಇಂಟರ್ನಲ್ಸ್ ನಾಳೆ ಅಂತ ನೆನಪಿಸಿ, ನೋಟ್ಸ್ ಕೊಡಿ, ರಾತ್ರಿ ಕೂತು ಮ್ಯಾಥ್ಸ್ ಹೇಳಿಕೊಡಿ. ಅದನ್ನು ನಾವು ಮಾಡಿರಲಿಲ್ಲ, ಫೋನ್ ಮಾತ್ರ ಮಾಡಿದ್ದೆವು. ಬಿಡೋದೋ ಹಿಡಿಯೋದೋ ಅವರೇ ಹೇಳಲಿ.

ಇದನ್ನು ಪತ್ರಿಕೆಗೆ ಕೊಡುವ ಮುಂಚೆ ಕೊಟ್ಟೂರಿಗೆ ಓದಲು ಕೊಟ್ಟೆವು. ನಾವು ಒಂದು ಕಡೆ, "ನಾವು ತಡೆಯದಿದ್ದರೆ ಇವನು ರಾಜ್ಯ ಚಾಂಪಿಯನ್ ಆಗುತ್ತಿದ್ದ" ಅಂತ ಬರೆದಿದ್ದೆವು. ಅವನು ಆ ಸಾಲು ಹೊಡೆದು ಹಾಕಿದ. "ಅದೂ ನೀವಾ ಹೇಳಬ್ಯಾಡ್ರಿ" ಅಂದ.